ಮರಳು ನಮ್ಮದು, ಮ್ಯಾಗ್ನೆಟ್ ಚೀನಾದ್ದು: ರೇರ್ ಅರ್ಥ್ ಬಿಕ್ಕಟ್ಟಿನ ಒಳಗುಟ್ಟು

2025ರ ಏಪ್ರಿಲ್ 4ರಂದು ಚೀನಾ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ, ಇಟ್ರಿಯಂ ಎಂಬ ಏಳು ರೇರ್ ಅರ್ಥ್ ಧಾತುಗಳನ್ನು ಮತ್ತು ಅವನ್ನು ಬೆರೆಸಿ ಮಾಡಿದ ಮ್ಯಾಗ್ನೆಟ್‌ಗಳನ್ನು ದೇಶದಿಂದ ಹೊರಗೆ ಕಳಿಸಬೇಕಾದರೆ ಇನ್ನು ಮುಂದೆ ಲೈಸೆನ್ಸ್ ಬೇಕು ಎಂದಿತು. ಎರಡು ದಿನ ಮೊದಲು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊಸ ಆಮದು ಸುಂಕಗಳನ್ನು ಘೋಷಿಸಿದ್ದರು. ಇದು ಅದಕ್ಕೆ ಕೊಟ್ಟ ಉತ್ತರ.

ಪೆಟ್ಟು ಮಾತ್ರ ಎಲ್ಲರಿಗೂ ಬಿತ್ತು. ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ಷಿಕಾಗೋದ ತನ್ನ ಕಾರ್ಖಾನೆಯನ್ನು ಒಂದು ವಾರ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಬಜಾಜ್ ಆಟೋ, ಆಗಸ್ಟ್ ಹೊತ್ತಿಗೆ ಎಲೆಕ್ಟ್ರಿಕ್ ವಾಹನಗಳ ಉತ್ಪಾದನೆಗೆ ದೊಡ್ಡ ತೊಂದರೆ ಆಗಬಹುದು ಎಂದು ಬಹಿರಂಗವಾಗಿಯೇ ಹೇಳಿತು. ಇಲ್ಲಿನ ಕಂಪನಿಗಳು ಮ್ಯಾಗ್ನೆಟ್ ತರಿಸಬೇಕಾದರೆ, ಇದನ್ನು ಯುದ್ಧೋಪಕರಣಕ್ಕೆ ಬಳಸುವುದಿಲ್ಲ ಎಂದು ಬರೆದುಕೊಡಬೇಕು. ಆ ಪತ್ರಕ್ಕೆ ಇಲ್ಲಿನ ಸರ್ಕಾರದ ಮುದ್ರೆ ಬೇಕು, ಚೀನಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಆಮೇಲೆ ಬೀಜಿಂಗ್‌ನ ಒಪ್ಪಿಗೆಗೆ ಕಾಯಬೇಕು. ಒಂದು ಕಾರಿನ ಬೆಲೆಯಲ್ಲಿ ಈ ಮ್ಯಾಗ್ನೆಟ್‌ನ ಪಾಲು ತೀರಾ ಸಣ್ಣದು. ಆದರೆ ಅದಿಲ್ಲದಿದ್ದರೆ ಮೋಟಾರ್ ಇಲ್ಲ, ಮೋಟಾರ್ ಇಲ್ಲದಿದ್ದರೆ ಕಾರ್ಖಾನೆಯ ಸಾಲೇ ನಿಲ್ಲುತ್ತದೆ.

ಆಗಿನಿಂದ ಈ ವಿಷಯ ಸುದ್ದಿಯಲ್ಲಿ ಓಡಾಡುತ್ತಲೇ ಇದೆ. "ಭಾರತದಲ್ಲಿ ಬೇಕಾದಷ್ಟು ನಿಕ್ಷೇಪ ಇದೆ", "ವಿಶ್ವದಲ್ಲೇ ಮೂರನೇ ಸ್ಥಾನ" ಎಂಬ ತಲೆಬರಹಗಳು ಬರುತ್ತವೆ. ಅದನ್ನು ಓದಿ ಯಾವ ಷೇರು ಕೊಳ್ಳಲಿ ಎಂದು ಕೇಳುವವರೂ ಇದ್ದಾರೆ. ನಿಕ್ಷೇಪದ ಲೆಕ್ಕ ಸುಳ್ಳಲ್ಲ. ಆದರೆ ಅದನ್ನು ನೋಡಿ ತೀರ್ಮಾನಕ್ಕೆ ಬಂದರೆ ದೇಶವೂ ದಾರಿ ತಪ್ಪುತ್ತದೆ, ಹೂಡಿಕೆದಾರನೂ ದಾರಿ ತಪ್ಪುತ್ತಾನೆ. ಈ ವ್ಯವಹಾರದಲ್ಲಿ ನಿಜವಾದ ಕೊರತೆ ಇರುವುದು ಗಣಿಗೂ ಮೋಟಾರಿಗೂ ನಡುವಿನ ಕೆಲಸದಲ್ಲಿ. ಆ ನಡುವಿನ ಕೆಲಸ ಏನು ಎಂದು ಸ್ವಲ್ಪ ಬಿಡಿಸಿ ನೋಡೋಣ.

ಯಾವುವು ಇವು, ಎಲ್ಲಿ ಬಳಕೆ

ಶಾಲೆಯ ಪಿರಿಯಾಡಿಕ್ ಟೇಬಲ್‌ನ ಕೆಳಗೆ ಬೇರೆಯಾಗಿ ಎರಡು ಸಾಲು ಇರುತ್ತವೆ ಅಲ್ವಾ? ಅದರಲ್ಲಿ ಮೇಲಿನ ಸಾಲು ಲ್ಯಾಂಥನೈಡ್‌ಗಳದ್ದು. ಲ್ಯಾಂಥನಂನಿಂದ ಲುಟೇಶಿಯಂವರೆಗೆ 15 ಧಾತುಗಳು. ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಒಟ್ಟು 17. ಕನ್ನಡ ಪತ್ರಿಕೆಗಳು ಇವನ್ನು ಅಪರೂಪದ ಭೂಲೋಹ, ವಿರಳ ಭೂಖನಿಜ ಎಂದೆಲ್ಲ ಬರೆಯುತ್ತವೆ. ಭೂಮಿಯಲ್ಲಿ ಇವು ಅಷ್ಟೇನೂ ಕಡಿಮೆ ಇಲ್ಲ. ಸೀರಿಯಂ ಹೆಚ್ಚು ಕಡಿಮೆ ತಾಮ್ರದಷ್ಟೇ ಇದೆ. ಆದರೆ ಒಂದೇ ಕಡೆ ಗಟ್ಟಿಯಾಗಿ ಸಿಗುವುದು ಕಡಿಮೆ, ಸಿಕ್ಕಲ್ಲೂ ಎಲ್ಲವೂ ಒಟ್ಟಿಗೆ ಬೆರೆತಿರುತ್ತವೆ.

ಲಿಥಿಯಂ, ಕೋಬಾಲ್ಟ್ ಈ ಗುಂಪಿಗೆ ಸೇರುವುದಿಲ್ಲ. ಮಂಡ್ಯದ ಮರ್ಲಗಲ್ಲದಲ್ಲಿ ಪತ್ತೆಯಾಗಿದ್ದು ಲಿಥಿಯಂ. ಅದು ಬ್ಯಾಟರಿಯ ಕಥೆ, ಇದು ಹೆಚ್ಚಾಗಿ ಮೋಟಾರಿನ ಕಥೆ. ಎರಡನ್ನೂ ಒಂದೇ ಸುದ್ದಿಯಲ್ಲಿ ಬೆರೆಸುವುದರಿಂದ ಬೇಕಾದಷ್ಟು ಗೊಂದಲ ಆಗಿದೆ.

ಬಳಕೆಯ ಪಟ್ಟಿ ಉದ್ದ ಇದೆ. ಪೆಟ್ರೋಲ್ ಸಂಸ್ಕರಣಾಗಾರದಲ್ಲಿ ಕಚ್ಚಾ ತೈಲವನ್ನು ಒಡೆಯುವ ವೇಗವರ್ಧಕಕ್ಕೆ ಲ್ಯಾಂಥನಂ ಬೇಕು. ಗಾಜು, ಲೆನ್ಸ್, ಮೊಬೈಲ್ ಪರದೆ ನುಣುಪು ಮಾಡಲು ಸೀರಿಯಂ ಪುಡಿ. ಸಮುದ್ರದಡಿಯ ಫೈಬರ್ ಕೇಬಲ್‌ನಲ್ಲಿ ಬೆಳಕಿನ ಸಂಕೇತಕ್ಕೆ ಮತ್ತೆ ಬಲ ತುಂಬಲು ಎರ್ಬಿಯಂ. ಎಂಆರ್‌ಐ ಸ್ಕ್ಯಾನ್‌ಗೆ ಮುನ್ನ ಕೆಲವರಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಗ್ಯಾಡೊಲಿನಿಯಂ. ಕೆಲವು ಬಗೆಯ ಕ್ಯಾನ್ಸರ್‌ಗೆ ಲುಟೇಶಿಯಂ-177. ಆದರೆ ಹಣದ ಲೆಕ್ಕದಲ್ಲಿ ಇವೆಲ್ಲ ಬದಿಗೆ ನಿಲ್ಲುತ್ತವೆ. ಈ ಮಾರುಕಟ್ಟೆಯನ್ನು ಇವತ್ತು ಎಳೆಯುತ್ತಿರುವುದು ಒಂದೇ ಒಂದು ವಸ್ತು, ಮ್ಯಾಗ್ನೆಟ್.

ಅದಕ್ಕೆ ಬೇಕಾದವು ನಾಲ್ಕು. ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ. 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ ಕಂಪನಿಯಲ್ಲಿದ್ದ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಒಂದೇ ವಸ್ತುವನ್ನು ಕಂಡುಹಿಡಿದರು. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಮ್ಯಾಗ್ನೆಟ್ ಅದು. ಅದರ ತೂಕದಲ್ಲಿ ಸುಮಾರು ಶೇ 30ರಷ್ಟು ರೇರ್ ಅರ್ಥ್, ಶೇ 1ರಷ್ಟು ಬೋರಾನ್, ಉಳಿದದ್ದು ಬಹುಪಾಲು ಮಾಮೂಲಿ ಕಬ್ಬಿಣ. ಮಾರಾಟಕ್ಕೆ ಸಿಗುವ ಮ್ಯಾಗ್ನೆಟ್‌ಗಳಲ್ಲಿ ಇದಕ್ಕಿಂತ ಬಲವಾದದ್ದು ಇವತ್ತಿಗೂ ಬಂದಿಲ್ಲ. ಬಲ ಜಾಸ್ತಿ ಇದ್ದಷ್ಟೂ ಮೋಟಾರ್ ಸಣ್ಣದಾಗುತ್ತದೆ, ಹಗುರವಾಗುತ್ತದೆ, ಒಂದೇ ಚಾರ್ಜ್‌ಗೆ ಗಾಡಿ ಹೆಚ್ಚು ದೂರ ಓಡುತ್ತದೆ.

ಒಂದು ತೊಂದರೆ ಇದೆ. ಬಿಸಿಯಾದರೆ ಇದರ ಬಲ ಇಳಿಯುತ್ತದೆ. ಸಾಮಾನ್ಯ ದರ್ಜೆಯ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲತೊಡಗುತ್ತದೆ. ಓಡುವ ಕಾರಿನ ಮೋಟಾರಿನ ಒಳಗೆ ಬಿಸಿ ಅದಕ್ಕಿಂತ ಬಹಳ ಜಾಸ್ತಿ. ಆದ್ದರಿಂದ ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಬೇಕಾಗುವುದು ಚೂರೇ ಚೂರು, ಆದರೆ ಅದನ್ನು ಬಿಟ್ಟರೆ ಕೆಲಸ ಆಗುವುದಿಲ್ಲ. ಚೀನಾ ಏಪ್ರಿಲ್‌ನಲ್ಲಿ ಲೈಸೆನ್ಸ್ ಹಾಕಿದ್ದು ನಿಯೋಡಿಮಿಯಂಗೆ ಅಲ್ಲ ಎಂಬುದನ್ನು ಗಮನಿಸಬೇಕು. ಚೂರೇ ಬೇಕಾಗುವ ಡಿಸ್ಪ್ರೋಸಿಯಂ, ಟರ್ಬಿಯಂನಂಥ ಭಾರದ ಧಾತುಗಳಿಗೆ (ಸಾಲಿನ ಕೊನೆಯ ಕಡೆಯವು) ಹಾಕಿತು. ಎಲ್ಲಿ ಹಿಡಿದರೆ ಎಲ್ಲರೂ ನಿಲ್ಲುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಡುವಿನ ಕೆಲಸ

ಕಬ್ಬಿಣದ ಅದಿರಿನಿಂದ ಕಬ್ಬಿಣ ತೆಗೆಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಬಳ್ಳಾರಿಯ ಅದಿರು ತೋರಣಗಲ್ಲಿನ ಕುಲುಮೆಗೆ ಹೋಗುತ್ತದೆ, ಉಕ್ಕಾಗಿ ಬರುತ್ತದೆ. ರೇರ್ ಅರ್ಥ್ ಹಾಗಲ್ಲ. ಒಂದೇ ಅದಿರಿನಲ್ಲಿ ಹತ್ತು ಹದಿನೈದು ಧಾತುಗಳು ಕೂಡಿಕೊಂಡಿರುತ್ತವೆ. ರಾಸಾಯನಿಕವಾಗಿ ಅವುಗಳ ಸ್ವಭಾವ ಹೆಚ್ಚು ಕಡಿಮೆ ಒಂದೇ. ಸಾಲಿನಲ್ಲಿ ಪಕ್ಕಪಕ್ಕದ ಎರಡು ಧಾತುಗಳ ಅಯಾನುಗಳ ಗಾತ್ರದಲ್ಲಿ ಇರುವ ವ್ಯತ್ಯಾಸ ಶೇ 1ರ ಆಸುಪಾಸು. ಬೇರ್ಪಡಿಸಲು ಸಿಗುವ ಹಿಡಿ ಅಷ್ಟೇ.

ಮೊದಲು ಖನಿಜವನ್ನು ಬಿಸಿ ಗಂಧಕಾಮ್ಲದಲ್ಲೋ ಕಾಸ್ಟಿಕ್ ಸೋಡಾದಲ್ಲೋ ಒಡೆಯುತ್ತಾರೆ. ಆಮ್ಲದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಸೀಮೆಎಣ್ಣೆಯಂಥ ದ್ರವದೊಂದಿಗೆ ತೊಟ್ಟಿಯಲ್ಲಿ ಕಲಕುತ್ತಾರೆ. ಆ ಎಣ್ಣೆಯಲ್ಲಿ ಒಂದು ವಿಶೇಷ ರಾಸಾಯನಿಕ ಬೆರೆಸಿರುತ್ತಾರೆ. ಕಲಕಿ ಬಿಟ್ಟರೆ ಎಣ್ಣೆ ಮೇಲೆ, ನೀರು ಕೆಳಗೆ ನಿಲ್ಲುತ್ತದೆ. ಒಂದು ಧಾತು ಎಣ್ಣೆಯ ಕಡೆಗೆ ಕೊಂಚ ಜಾಸ್ತಿ ಹೋಗಿರುತ್ತದೆ, ಪಕ್ಕದ್ದು ಕೊಂಚ ಕಡಿಮೆ. ಒಂದು ಸಲಕ್ಕೆ ಬರುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲ. ಹಾಗಾಗಿ ಸಾಲಾಗಿ ನೂರಾರು ತೊಟ್ಟಿಗಳು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಒಂದೇ ಚೀಲದಲ್ಲಿ ಬೆರೆತುಹೋದ ಎರಡು ತಳಿ ಸಣ್ಣಕ್ಕಿಯನ್ನು ಮೊರದಲ್ಲಿ ಕೇರಿ ಬೇರ್ಪಡಿಸಿದ ಹಾಗೆ. ಹೊಸ ಘಟಕ ಶುರುವಾದರೆ ಆ ಸಾಲಿನ ಹರಿವು ಒಂದು ಹದಕ್ಕೆ ಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಆಮ್ಲದ ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆಯಾದರೆ ಹಿಂದಿನದೆಲ್ಲ ಹಾಳು.

ಇಷ್ಟಾದ ಮೇಲೆ ಸಿಗುವುದು ಆಕ್ಸೈಡ್ ಪುಡಿ. ಅದನ್ನು ಕರಗಿದ ಲವಣದಲ್ಲಿ ವಿದ್ಯುತ್ ಹಾಯಿಸಿ ಲೋಹ ಮಾಡಬೇಕು. ಲೋಹಕ್ಕೆ ಕಬ್ಬಿಣ, ಬೋರಾನ್ ಸೇರಿಸಿ ಕರಗಿಸಿ ತೆಳು ಹಾಳೆ ಎರೆಯಬೇಕು. ಹಾಳೆಯನ್ನು ಕೆಲವೇ ಮೈಕ್ರಾನ್ ಗಾತ್ರದ ಪುಡಿ ಮಾಡಬೇಕು. ಆ ಪುಡಿಗೆ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುವ ಅಪಾಯ ಇದೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು ಒತ್ತಬೇಕು, 1,000 ಡಿಗ್ರಿಗೂ ಮೇಲೆ ಕಾಯಿಸಬೇಕು, ಕತ್ತರಿಸಬೇಕು, ತುಕ್ಕು ಹಿಡಿಯದಂತೆ ನಿಕ್ಕಲ್ ಲೇಪಿಸಬೇಕು. ಪ್ರತಿ ಹಂತಕ್ಕೂ ಬೇರೆ ಯಂತ್ರ, ಬೇರೆ ಕೈಚಳಕ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ಮ್ಯಾಗ್ನೆಟ್‌ಗೆ ಬೇಕಾದ ರೇರ್ ಅರ್ಥ್‌ಗಳ ಗಣಿಗಾರಿಕೆಯಲ್ಲಿ ಚೀನಾದ ಪಾಲು ಸುಮಾರು ಶೇ 60. ಶುದ್ಧೀಕರಣಕ್ಕೆ ಬಂದರೆ ಅದು ಶೇ 90 ದಾಟುತ್ತದೆ. ಮ್ಯಾಗ್ನೆಟ್ ತಯಾರಿಕೆಯಲ್ಲಿ ಶೇ 94ರ ಹತ್ತಿರ. ಗಣಿಯಿಂದ ದೂರ ಹೋದಷ್ಟೂ ಚೀನಾದ ಹಿಡಿತ ಬಿಗಿಯಾಗುತ್ತದೆ.

ಇದು ರಾತ್ರೋರಾತ್ರಿ ಆಗಿದ್ದಲ್ಲ. 1960ರ ದಶಕದಲ್ಲಿ ಈ ಲೋಕದ ರಾಜಧಾನಿ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ. ಕಲರ್ ಟಿವಿಯ ಕೆಂಪು ಬಣ್ಣಕ್ಕೆ ಬೇಕಾದ ಯುರೋಪಿಯಂ ಅಲ್ಲಿಂದಲೇ ಬರುತ್ತಿತ್ತು. ಇತ್ತ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಷು ಗುವಾಂಗ್‌ಷಿಯಾನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಅಮೆರಿಕದ ಕೊಲಂಬಿಯಾದಲ್ಲಿ ಓದಿ 1951ರಲ್ಲಿ ದೇಶಕ್ಕೆ ಮರಳಿದವರು. ಆ ತೊಟ್ಟಿಗಳ ಸಾಲನ್ನು ಹೇಗೆ ವಿನ್ಯಾಸ ಮಾಡಬೇಕು ಎಂಬುದಕ್ಕೆ 1970ರ ದಶಕದಲ್ಲಿ ಅವರು ಗಣಿತದ ಸಿದ್ಧಾಂತ ಕೊಟ್ಟರು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ತಡಕಾಡುವ ಬದಲು ಲೆಕ್ಕ ಹಾಕಿ ನೇರವಾಗಿ ಕಾರ್ಖಾನೆ ಕಟ್ಟುವ ದಾರಿ ತೆರೆಯಿತು. ಒಳಮಂಗೋಲಿಯಾದ ಬಯಾನ್ ಓಬೊದಲ್ಲಿ ಕಬ್ಬಿಣದ ಗಣಿಯಲ್ಲೇ ರೇರ್ ಅರ್ಥ್ ಸಿಗುತ್ತಿತ್ತು, ಹಾಗಾಗಿ ಅಗೆಯುವ ಖರ್ಚು ಕಡಿಮೆ. ದಕ್ಷಿಣದ ಜಿಯಾಂಗ್‌ಷಿ ಪ್ರಾಂತ್ಯದ ಜೇಡಿಮಣ್ಣಿನಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಇತ್ತು. 1990ರ ದಶಕಕ್ಕೆ ಬೆಲೆ ನೆಲ ಕಚ್ಚಿತು. 2002ರಲ್ಲಿ ಮೌಂಟನ್ ಪಾಸ್ ಮುಚ್ಚಿತು. ಜನರಲ್ ಮೋಟರ್ಸ್ ಕಟ್ಟಿದ್ದ ಮ್ಯಾಗ್ನೆಟ್ ಕಂಪನಿ ಮ್ಯಾಗ್ನೆಕ್ವೆಂಚ್ 1995ರಲ್ಲಿ ಚೀನೀ ಪಾಲುದಾರರಿದ್ದ ಗುಂಪಿನ ಕೈಗೆ ಹೋಯಿತು. ಕೆಲವು ವರ್ಷಗಳಲ್ಲಿ ಅದರ ಯಂತ್ರಗಳೂ ಇಂಡಿಯಾನಾದಿಂದ ಚೀನಾಕ್ಕೆ ಹೋದವು.

ಈ ಅಗ್ಗದ ಬೆಲೆಯನ್ನು ಬೇರೆ ಯಾರೋ ತೆತ್ತರು. ಬಯಾನ್ ಓಬೊ ಅದಿರನ್ನು ಸಂಸ್ಕರಿಸುವ ಬಾವೊಟೌ ನಗರದ ಹೊರಗೆ ತ್ಯಾಜ್ಯದ ಕೆಸರು ತುಂಬಿದ ದೊಡ್ಡ ಕೆರೆಯೇ ನಿಂತಿದೆ. ಜಿಯಾಂಗ್‌ಷಿಯ ಗುಡ್ಡಗಳಿಗೆ ಅಮೋನಿಯಂ ಸಲ್ಫೇಟ್ ಸುರಿದು ಲೋಹ ಇಳಿಸಿದ್ದರಿಂದ ಅಲ್ಲಿನ ಹೊಳೆ, ಬಾವಿಗಳು ಕೆಟ್ಟವು. ಚೀನಾ ತನ್ನಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಅದೇ ಕೆಲಸ ಗಡಿ ದಾಟಿ ಮ್ಯಾನ್ಮಾರ್‌ನ ಕಾಚಿನ್ ರಾಜ್ಯಕ್ಕೆ ಹೋಯಿತು. ಚೀನಾ ಶುದ್ಧೀಕರಿಸುವ ಭಾರದ ಧಾತುಗಳಲ್ಲಿ ದೊಡ್ಡ ಪಾಲು ಈಗ ಬರುವುದು ಅಂತರ್ಯುದ್ಧ ನಡೆಯುತ್ತಿರುವ ಆ ಕಾಡುಗಳಿಂದ. ಎಲೆಕ್ಟ್ರಿಕ್ ಗಾಡಿಯನ್ನು ಪರಿಸರಸ್ನೇಹಿ ಎನ್ನುವ ನಾವು ಇದನ್ನು ಮರೆಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2010ರಲ್ಲೇ ಎಚ್ಚರಿಕೆ ಸಿಕ್ಕಿತ್ತು. ಜಪಾನ್, ಚೀನಾ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನೀ ಮೀನುಗಾರಿಕಾ ದೋಣಿಯ ಕ್ಯಾಪ್ಟನ್‌ನನ್ನು ಜಪಾನ್ ಬಂಧಿಸಿತು. ಜಪಾನಿಗೆ ಹೋಗಬೇಕಿದ್ದ ರೇರ್ ಅರ್ಥ್ ಹಡಗುಗಳು ನಿಂತವು. ಜಪಾನ್ ಅದರಿಂದ ಪಾಠ ಕಲಿಯಿತು. ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ 25 ಕೋಟಿ ಡಾಲರ್ ಕೊಟ್ಟಿತು, ದಾಸ್ತಾನು ಮಾಡಿತು, ಕಡಿಮೆ ಡಿಸ್ಪ್ರೋಸಿಯಂ ಬೇಡುವ ಮ್ಯಾಗ್ನೆಟ್‌ಗಳನ್ನು ರೂಪಿಸಿತು. ಉಳಿದ ದೇಶಗಳು ಬೆಲೆ ಇಳಿದ ಕೂಡಲೇ ಮರೆತುಬಿಟ್ಟವು.

ನಮ್ಮ ಕರಾವಳಿಯ ಮರಳು

ಭಾರತ ಈ ಕ್ಷೇತ್ರಕ್ಕೆ ತಡವಾಗಿ ಬಂದ ದೇಶವಲ್ಲ. ಬೇಸರ ಆಗುವುದೂ ಅದಕ್ಕೇ. 1909ರಲ್ಲೇ ಷೋಂಬರ್ಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ತಿರುವಾಂಕೂರಿನ ಕರಾವಳಿ ಮರಳಿನಲ್ಲಿ ಮೊನಾಜೈಟ್ ಎಂಬ ಖನಿಜವನ್ನು ಗುರುತಿಸಿದ್ದರು. ಆಗ ಗ್ಯಾಸ್ ದೀಪದ ಮ್ಯಾಂಟಲ್‌ಗೆ ಬೇಕಾದ ಥೋರಿಯಂಗಾಗಿ ಆ ಮರಳು ಯುರೋಪಿಗೆ ಹೋಗುತ್ತಿತ್ತು. ಸ್ವಾತಂತ್ರ್ಯ ಬಂದ ಮೂರೇ ವರ್ಷಕ್ಕೆ, 1950ರಲ್ಲಿ, ಇಂಡಿಯನ್ ರೇರ್ ಅರ್ಥ್ಸ್ ಕಂಪನಿ ಹುಟ್ಟಿತು. ಈಗಿನ ಐಆರ್‌ಇಎಲ್ ಅದೇ. 1952ರಲ್ಲಿ ಕೇರಳದ ಆಲುವಾದಲ್ಲಿ ಮೊನಾಜೈಟ್ ಸಂಸ್ಕರಣಾ ಕಾರ್ಖಾನೆ ಶುರುವಾಯಿತು. ಆಮೇಲೆ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಛತ್ರಪುರ ಸೇರಿದವು.

ಅಷ್ಟು ಮೊದಲೇ ಹೊರಟವರು ಈಗ ಎಲ್ಲಿದ್ದೇವೆ? ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಕಾರ ನಮ್ಮ ನಿಕ್ಷೇಪ 69 ಲಕ್ಷ ಟನ್. ಚೀನಾ, ಬ್ರೆಜಿಲ್ ಬಿಟ್ಟರೆ ನಾವೇ. 2024ರ ಉತ್ಪಾದನೆ ಮಾತ್ರ 2,900 ಟನ್. ಅದೇ ವರ್ಷ ಚೀನಾ ತೆಗೆದದ್ದು 2,70,000 ಟನ್. ಇಡೀ ಪ್ರಪಂಚದ್ದು 3,90,000 ಟನ್.

ಕಾರಣ ಹಲವು. ಮೊನಾಜೈಟ್‌ನಲ್ಲಿ ಥೋರಿಯಂ ಇದೆ, ಅದು ವಿಕಿರಣಶೀಲ. ಅಣುಶಕ್ತಿ ಕಾನೂನಿನ ಬೇಲಿಯೊಳಗೆ ಈ ಖನಿಜ ಸೇರಿದ್ದರಿಂದ ಖಾಸಗಿಯವರಿಗೆ ಬಾಗಿಲು ಮುಚ್ಚಿತ್ತು. ಥೋರಿಯಂ ನಮ್ಮ ಅಣು ಕಾರ್ಯಕ್ರಮದ ಮುಂದಿನ ಹಂತಕ್ಕೆ ಬೇಕು ಎಂಬ ಕಾಳಜಿ ಸರಿಯಾದದ್ದೇ. ಆದರೆ ಹಾಗೆ ಕಾಯುವಾಗ ಪಕ್ಕದಲ್ಲೇ ಇದ್ದ ನಿಯೋಡಿಮಿಯಂ ಕಡೆಗೆ ಗಮನ ಹೋಗಲಿಲ್ಲ. ನಮ್ಮ ಮರಳಿನಲ್ಲಿ ಹಗುರ ಧಾತುಗಳೇ ಹೆಚ್ಚು, ಡಿಸ್ಪ್ರೋಸಿಯಂ, ಟರ್ಬಿಯಂ ತೀರಾ ಕಡಿಮೆ. ಇನ್ನೊಂದು ಕಾರಣ, ಕೊಳ್ಳುವವರೇ ಇರಲಿಲ್ಲ. ಇಲ್ಲಿ ಮ್ಯಾಗ್ನೆಟ್ ಕಾರ್ಖಾನೆ ಇಲ್ಲದಿದ್ದರೆ ಆಕ್ಸೈಡ್ ತೆಗೆದು ಯಾರಿಗೆ ಮಾರುವುದು? ಜಪಾನಿನ ಟೊಯೋಟ್ಸು ಸಮೂಹದ ಕಂಪನಿಯ ಮೂಲಕ ಜಪಾನಿಗೆ ಕಳಿಸುತ್ತಿದ್ದೆವು. 2025ರಲ್ಲಿ ಬಿಕ್ಕಟ್ಟು ಬಂದ ಮೇಲೆ ಆ ರಫ್ತು ನಿಲ್ಲಿಸುವ ಮಾತು ಬಂತು. ನಿಲ್ಲಿಸಿದರೂ ಇಲ್ಲಿ ಅದನ್ನು ಲೋಹವಾಗಿಸಿ ಮ್ಯಾಗ್ನೆಟ್ ಮಾಡುವ ದೊಡ್ಡ ಸಾಲು ಇರಲಿಲ್ಲ. ವಿಶಾಖಪಟ್ಟಣದಲ್ಲಿ ಐಆರ್‌ಇಎಲ್‌ನ ಒಂದು ಘಟಕ ಇದೆ. ಅದು ರಕ್ಷಣೆ ಮತ್ತು ಬಾಹ್ಯಾಕಾಶಕ್ಕೆ ಬೇಕಾದ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ ಮಾಡುತ್ತದೆ. ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ. ಟನ್ ಅಲ್ಲ, ಕಿಲೋ.

ಈಗ ಸರ್ಕಾರ ಎದ್ದಿದೆ. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ನವೆಂಬರ್ 26ರಂದು ಕೇಂದ್ರ ಸಂಪುಟ ಮ್ಯಾಗ್ನೆಟ್ ತಯಾರಿಕೆಗೆಂದೇ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಗುರಿ. ಐದು ಕಂಪನಿಗಳನ್ನು ಹರಾಜಿನ ಮೂಲಕ ಆರಿಸಿ, ಒಬ್ಬೊಬ್ಬರಿಗೆ ಗರಿಷ್ಠ 1,200 ಟನ್ ಹಂಚುತ್ತಾರೆ. ಇದರಲ್ಲಿ 750 ಕೋಟಿ ಕಾರ್ಖಾನೆ ಕಟ್ಟಲು ಸಬ್ಸಿಡಿ. 6,450 ಕೋಟಿ ಮಾರಾಟ ಆದ ಮ್ಯಾಗ್ನೆಟ್‌ಗೆ ಕೊಡುವ ಪ್ರೋತ್ಸಾಹಧನ.

ಯೋಜನೆಯ ರೂಪ ನನಗೆ ಹಿಡಿಸಿದೆ. ಗಣಿಗೆ ಹಣ ಸುರಿಯದೆ, ಆಕ್ಸೈಡ್‌ನಿಂದ ಮ್ಯಾಗ್ನೆಟ್‌ವರೆಗಿನ ಖಾಲಿ ಜಾಗಕ್ಕೇ ಕೈ ಹಾಕಿದ್ದಾರೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. 6,000 ಟನ್ ಮ್ಯಾಗ್ನೆಟ್‌ಗೆ ಶೇ 30ರಂತೆ 1,800 ಟನ್ ರೇರ್ ಅರ್ಥ್ ಲೋಹ ಬೇಕು. ಆಕ್ಸೈಡ್ ಲೆಕ್ಕದಲ್ಲಿ 2,000 ಟನ್ ದಾಟುತ್ತದೆ, ಕತ್ತರಿಸುವಾಗ ಹೋಗುವ ಪುಡಿ ಬೇರೆ. ಐಆರ್‌ಇಎಲ್ ಈಗ ಕೊಡಬಲ್ಲ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ವರ್ಷಕ್ಕೆ 500 ಟನ್ ಆಸುಪಾಸು. ಉಳಿದದ್ದು ಎಲ್ಲಿಂದ? ಡಿಸ್ಪ್ರೋಸಿಯಂ ಎಲ್ಲಿಂದ? ಕಾರ್ಖಾನೆ ಇಲ್ಲಿ ಕಟ್ಟಿ ಆಕ್ಸೈಡ್‌ಗೆ ಮತ್ತೆ ಹೊರಗೆ ಕೈಚಾಚಿದರೆ ಲೈಸೆನ್ಸ್‌ಗೆ ಕಾಯುವ ಜಾಗ ಬದಲಾಗುತ್ತದೆ, ಅಷ್ಟೇ.

ಉತ್ಪಾದನೆ ಹೆಚ್ಚಿಸಬೇಕಾದರೆ ಹೆಚ್ಚು ಮರಳು ತೆಗೆಯಬೇಕು. ಅಲ್ಲಿ ಜನ ಇದ್ದಾರೆ. ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಗ್ರಾಮ ಸಮುದ್ರ ಮತ್ತು ಹಿನ್ನೀರಿನ ನಡುವಿನ ಕಿರಿದಾದ ಪಟ್ಟಿ. ಮರಳುಗಾರಿಕೆಯಿಂದ ತಮ್ಮ ನೆಲ ಕರಗುತ್ತಿದೆ ಎಂದು ಅಲ್ಲಿನ ಮೀನುಗಾರ ಕುಟುಂಬಗಳು ವರ್ಷಗಳಿಂದ ಹೋರಾಡುತ್ತಿವೆ. 2019ರ ಹೊತ್ತಿಗೆ ಅದು ಇಡೀ ಕೇರಳದ ಮಾತಾಗಿತ್ತು. ದೇಶಕ್ಕೆ ಬೇಕು ಎಂದು ಇವರ ಮಾತನ್ನು ಬದಿಗೆ ಸರಿಸುವುದು ಸರಿಯಲ್ಲ. ಬಾವೊಟೌನಲ್ಲಿ ಮಾಡಿದ್ದನ್ನೇ ನಾವು ಇಲ್ಲಿ ಮಾಡಿದರೆ ನಮಗೂ ಅವರಿಗೂ ಏನು ವ್ಯತ್ಯಾಸ?

ಮ್ಯಾಗ್ನೆಟ್ ಇಲ್ಲದ ಮೋಟಾರ್

ಬೆಂಗಳೂರಿಗೆ ಈ ಬಿಕ್ಕಟ್ಟಿನ ಬಿಸಿ ನೇರವಾಗಿ ತಟ್ಟಿದೆ. ಏಥರ್, ಓಲಾ ಎಲೆಕ್ಟ್ರಿಕ್, ಸಿಂಪಲ್ ಎನರ್ಜಿ ಮೂರೂ ಇಲ್ಲಿಂದಲೇ ನಡೆಯುವ ಕಂಪನಿಗಳು. ರೇರ್ ಅರ್ಥ್ ಬೇಡದ ಮೋಟಾರ್ ಮಾಡುವ ಕೆಲಸವೂ ಇಲ್ಲಿಯೇ ಚುರುಕಾಗಿದೆ. ಚಾರಾ ಟೆಕ್ನಾಲಜೀಸ್ ಬಿಕ್ಕಟ್ಟು ಬರುವ ಮೊದಲೇ ಮ್ಯಾಗ್ನೆಟ್ ಇಲ್ಲದ ರಿಲಕ್ಟೆನ್ಸ್ ಮೋಟಾರ್‌ಗಳ ಹಿಂದೆ ಬಿದ್ದಿತ್ತು. 2025ರಲ್ಲಿ ಸಿಂಪಲ್ ಎನರ್ಜಿ ಭಾರದ ರೇರ್ ಅರ್ಥ್ ಇಲ್ಲದ ಮೋಟಾರ್ ಪ್ರಕಟಿಸಿತು. ಓಲಾ ತನ್ನ ಫೆರೈಟ್ ಮೋಟಾರ್‌ಗೆ ಸರ್ಕಾರಿ ಪರೀಕ್ಷಾ ಕೇಂದ್ರದ ಪ್ರಮಾಣಪತ್ರ ಪಡೆಯಿತು. ಫೆರೈಟ್ ಅಂದರೆ ಹಳೆಯ ಸ್ಪೀಕರ್‌ಗಳಲ್ಲಿ ಇರುತ್ತಿದ್ದ ಕಪ್ಪು ಮ್ಯಾಗ್ನೆಟ್. ಅಗ್ಗ, ಆದರೆ ಬಲ ಕಡಿಮೆ. ಆ ಕೊರತೆಯನ್ನು ವಿನ್ಯಾಸದಲ್ಲಿ ತುಂಬಬೇಕು. ಹೊರದೇಶಗಳಲ್ಲಿ ಬಿಎಂಡಬ್ಲ್ಯು, ರೆನೋ ಈಗಾಗಲೇ ಮ್ಯಾಗ್ನೆಟ್ ಬದಲು ತಂತಿ ಸುರುಳಿ ಬಳಸುವ ಮೋಟಾರ್‌ಗಳನ್ನು ಕಾರುಗಳಲ್ಲಿ ಓಡಿಸುತ್ತಿವೆ.

ಇದನ್ನು ಹೂಡಿಕೆದಾರರು ಬಹಳ ಸಲ ಮರೆಯುತ್ತಾರೆ. ರೇರ್ ಅರ್ಥ್ ಬೆಲೆ ಏರಿದಷ್ಟೂ, ಸರಬರಾಜು ನಿಂತಷ್ಟೂ, ಅದಿಲ್ಲದೆ ಬದುಕುವ ದಾರಿ ಹುಡುಕುವವರು ಜಾಸ್ತಿಯಾಗುತ್ತಾರೆ. ಯುದ್ಧವಿಮಾನಕ್ಕೆ, ಸಮುದ್ರದಲ್ಲಿ ನಿಲ್ಲುವ ಗಾಳಿಯಂತ್ರಕ್ಕೆ ಬದಲಿ ಕಷ್ಟ. ಸ್ಕೂಟರ್‌ಗೆ, ಫ್ಯಾನ್‌ಗೆ, ಪಂಪ್‌ಸೆಟ್‌ಗೆ ಅಷ್ಟು ಕಷ್ಟವಿಲ್ಲ.

ಹಣ ಹಾಕುವ ಮಾತು

ಮೋಲಿಕಾರ್ಪ್ ಕಥೆಯನ್ನು ಈ ಕ್ಷೇತ್ರಕ್ಕೆ ಹಣ ತರುವ ಎಲ್ಲರೂ ಓದಬೇಕು. ಮುಚ್ಚಿದ್ದ ಮೌಂಟನ್ ಪಾಸ್ ಗಣಿಯನ್ನು ಮತ್ತೆ ತೆರೆಯುತ್ತೇವೆ ಎಂದು ಆ ಕಂಪನಿ 2010ರ ಜುಲೈನಲ್ಲಿ 14 ಡಾಲರ್‌ಗೆ ಷೇರು ಮಾರಿತು. ಎರಡು ತಿಂಗಳಲ್ಲಿ ಜಪಾನ್ ಬಿಕ್ಕಟ್ಟು ಬಂತು. 2011ರ ಮೇ ಹೊತ್ತಿಗೆ ಷೇರು 70 ಡಾಲರ್ ದಾಟಿತು. ಕಂಪನಿ ಸಾಲ ತಂದು ದೊಡ್ಡ ಘಟಕ ಕಟ್ಟಿತು. ಅಷ್ಟರಲ್ಲಿ ಬೆಲೆ ಕುಸಿಯಿತು. ಕೊಳ್ಳುವವರು ಬಳಕೆ ಕಡಿಮೆ ಮಾಡಿದ್ದರು, ಚೀನಾದಿಂದ ಕಳ್ಳಸಾಗಣೆಯ ಮಾಲೂ ಬರುತ್ತಿತ್ತು. 2014ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಚೀನಾ ಸೋತು ರಫ್ತು ಮಿತಿಯನ್ನು ಕೈಬಿಟ್ಟ ಮೇಲೆ ಬೆಲೆ ಇನ್ನೂ ಇಳಿಯಿತು. 2015ರ ಜೂನ್‌ನಲ್ಲಿ ಸುಮಾರು 170 ಕೋಟಿ ಡಾಲರ್ ಸಾಲದೊಂದಿಗೆ ಮೋಲಿಕಾರ್ಪ್ ದಿವಾಳಿ ಅರ್ಜಿ ಹಾಕಿತು. ಗಣಿ ನಿಜ, ನಿಕ್ಷೇಪ ನಿಜ, ಬೇಡಿಕೆಯೂ ನಿಜ. ಷೇರುದಾರರ ಹಣ ಮಾತ್ರ ಹೋಯಿತು.

ತಾಮ್ರ, ಅಲ್ಯುಮಿನಿಯಂಗಳ ಪಕ್ಕದಲ್ಲಿಟ್ಟರೆ ಇದು ತೀರಾ ಸಣ್ಣ ಮಾರುಕಟ್ಟೆ. ಬೆಲೆ ನಿಗದಿಯಾಗುವುದು ಚೀನಾದ ಒಳಗೆ. ಅವರು ಕೊಂಚ ಜಾಸ್ತಿ ಮಾಲು ಬಿಟ್ಟರೂ ಹೊರಗಿನ ಗಣಿಗಳ ಲೆಕ್ಕಾಚಾರ ತಲೆಕೆಳಗಾಗುತ್ತದೆ. ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಆಕ್ಸೈಡ್ 2022ರ ಆರಂಭದಲ್ಲಿ ಟನ್‌ಗೆ 10 ಲಕ್ಷ ಯುವಾನ್ ದಾಟಿತ್ತು. 2024ರ ಆರಂಭಕ್ಕೆ 4 ಲಕ್ಷದ ಆಸುಪಾಸಿಗೆ ಬಿತ್ತು. ಎರಡು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. ಅದೂ ಎಲೆಕ್ಟ್ರಿಕ್ ವಾಹನಗಳ ಮಾರಾಟ ಪ್ರಪಂಚದಾದ್ಯಂತ ಏರುತ್ತಿದ್ದಾಗ!

ಇನ್ನೊಂದು ಸೂಕ್ಷ್ಮ. ಗಣಿಯಿಂದ ಬರುವ ರೇರ್ ಅರ್ಥ್‌ನಲ್ಲಿ ಬಹುಪಾಲು ಸೀರಿಯಂ ಮತ್ತು ಲ್ಯಾಂಥನಂ. ಅವಕ್ಕೆ ಬೆಲೆ ತೀರಾ ಕಡಿಮೆ, ಬಹಳಷ್ಟು ಗೋದಾಮಿನಲ್ಲೇ ಉಳಿಯುತ್ತವೆ. ಹಣ ತರುವುದು ಆ ನಾಲ್ಕು ಮ್ಯಾಗ್ನೆಟ್ ಧಾತುಗಳು. ಹಾಗಾಗಿ "ಇಷ್ಟು ಲಕ್ಷ ಟನ್ ರೇರ್ ಅರ್ಥ್ ಪತ್ತೆ" ಎಂದು ಯಾವ ಕಂಪನಿ ಹೇಳಿದರೂ, ಅದರಲ್ಲಿ ನಿಯೋಡಿಮಿಯಂ ಎಷ್ಟು, ಡಿಸ್ಪ್ರೋಸಿಯಂ ಎಷ್ಟು ಎಂದು ಕೇಳಬೇಕು. ಯಾವ ಖನಿಜದಲ್ಲಿದೆ, ಅದನ್ನು ಒಡೆಯುವ ವಿಧಾನ ಗೊತ್ತಿದೆಯಾ ಎಂದು ಕೇಳಬೇಕು. ಬೇರ್ಪಡಿಸುವವರು ಯಾರು ಎಂದು ಕೇಳಬೇಕು. ಹೊಸದಾಗಿ ಶುರುವಾದ ಮೌಂಟನ್ ಪಾಸ್ ಕೂಡ ವರ್ಷಗಟ್ಟಲೆ ತನ್ನ ಅದಿರನ್ನು ಶುದ್ಧೀಕರಣಕ್ಕೆ ಚೀನಾಕ್ಕೇ ಹಡಗಿನಲ್ಲಿ ಕಳಿಸುತ್ತಿತ್ತು. ಅದು ನಿಂತಿದ್ದು 2025ರ ಏಪ್ರಿಲ್‌ನಲ್ಲಿ.

ಆ ಗಣಿಯ ಈಗಿನ ಮಾಲೀಕ ಎಂಪಿ ಮೆಟೀರಿಯಲ್ಸ್ ವಿಷಯದಲ್ಲಿ 2025ರ ಜುಲೈನಲ್ಲಿ ನಡೆದದ್ದೇ ನನ್ನ ಪ್ರಕಾರ ಇತ್ತೀಚಿನ ಅತಿ ದೊಡ್ಡ ಸುದ್ದಿ. ಅಮೆರಿಕದ ರಕ್ಷಣಾ ಇಲಾಖೆ ಕಂಪನಿಯಲ್ಲಿ 40 ಕೋಟಿ ಡಾಲರ್ ಹೂಡಿ ಅತಿ ದೊಡ್ಡ ಷೇರುದಾರನಾಯಿತು. ಅದಕ್ಕಿಂತ ಮುಖ್ಯವಾಗಿ, ನಿಯೋಡಿಮಿಯಂ-ಪ್ರೇಸಿಯೋಡಿಮಿಯಂಗೆ ಹತ್ತು ವರ್ಷ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಭರವಸೆ ಕೊಟ್ಟಿತು. ಆಗ ಮಾರುಕಟ್ಟೆ ಬೆಲೆ ಅದರ ಅರ್ಧದಷ್ಟು. ಷೇರು ಒಂದೇ ದಿನ ಶೇ 50ರಷ್ಟು ಜಿಗಿಯಿತು. ಕೆಲವೇ ದಿನಗಳಲ್ಲಿ ಆಪಲ್ 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ನಾವು ರೈತನಿಗೆ ಬೆಂಬಲ ಬೆಲೆ ಕೊಡುವುದಕ್ಕೆ ತಕರಾರು ಮಾಡುವ ಅಮೆರಿಕವೇ ಗಣಿಗೆ ಬೆಂಬಲ ಬೆಲೆ ಕೊಟ್ಟಿತು. ಬೆಲೆ ಇದಕ್ಕಿಂತ ಕೆಳಗೆ ಹೋಗದು ಎಂದು ಸರ್ಕಾರ ಭರವಸೆ ಕೊಡದಿದ್ದರೆ ಚೀನಾದ ಹೊರಗೆ ಈ ಉದ್ಯಮ ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡ ಹಾಗಾಯಿತು. ಲೈನಾಸ್ ಉಳಿದದ್ದೂ ಜಪಾನ್ ಸಾಲದ ಗಡುವನ್ನು ಮುಂದೆ ಹಾಕಿ ತಾಳ್ಮೆ ತೋರಿದ್ದರಿಂದ. ಅದೇ ಕಂಪನಿ 2025ರ ಮೇ ತಿಂಗಳಲ್ಲಿ ಮಲೇಷ್ಯಾದ ಘಟಕದಲ್ಲಿ ಡಿಸ್ಪ್ರೋಸಿಯಂ ಆಕ್ಸೈಡ್ ಬೇರ್ಪಡಿಸಿತು. ಚೀನಾದ ಹೊರಗೆ ವಾಣಿಜ್ಯ ಮಟ್ಟದಲ್ಲಿ ಅದು ದೊಡ್ಡ ಹೆಜ್ಜೆ.

ನಮ್ಮ ಹೂಡಿಕೆದಾರನಿಗೆ ಆಯ್ಕೆಗಳು ಕಡಿಮೆ. ಐಆರ್‌ಇಎಲ್ ಷೇರುಪೇಟೆಯಲ್ಲಿ ಇಲ್ಲ, ಅದು ಪೂರ್ತಿ ಸರ್ಕಾರದ್ದು. ಚಿನ್ನ, ಬೆಳ್ಳಿಯ ಹಾಗೆ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ವಹಿವಾಟು ಮಾಡಲು ರೇರ್ ಅರ್ಥ್ ಕರಾರುಗಳಿಲ್ಲ. ಲೋಹದ ಪುಡಿಯನ್ನೇ ಕೊಂಡು ಇಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಹತ್ತಿರ ಹೋಗಬೇಡಿ. ಅದರ ಶುದ್ಧತೆ ಪರೀಕ್ಷಿಸುವುದು ಕಷ್ಟ, ಮರಳಿ ಕೊಳ್ಳುವವರು ಸಿಗುವುದಿಲ್ಲ. ಅಮೆರಿಕದಲ್ಲಿ ವ್ಯಾನ್‌ಎಕ್ ಸಂಸ್ಥೆಯ ರೇರ್ ಅರ್ಥ್ ಇಟಿಎಫ್ ಇದೆ, ಅಂದರೆ ಹಲವು ಕಂಪನಿಗಳ ಷೇರುಗಳನ್ನು ಒಟ್ಟಿಗೆ ಕೊಳ್ಳುವ ನಿಧಿ. ಹೆಸರು ನೋಡಿ ಕೊಂಡವರು ಒಳಗಿನ ಪಟ್ಟಿಯನ್ನೂ ನೋಡಬೇಕು. ಅದರಲ್ಲಿ ಲಿಥಿಯಂ ಮತ್ತು ಬೇರೆ ಲೋಹಗಳ ಕಂಪನಿಗಳೂ ಇರುತ್ತವೆ.

ಇಲ್ಲಿ ಪಟ್ಟಿಯಾಗಿರುವ ಕೆಲವು ಕಂಪನಿಗಳ ಹೆಸರು ಈ ಸುದ್ದಿಯೊಂದಿಗೆ ಓಡುತ್ತವೆ. ಉದಾಹರಣೆಗೆ ಗುಜರಾತ್ ಸರ್ಕಾರದ ಗಣಿ ಕಂಪನಿ ಜಿಎಂಡಿಸಿ. ಛೋಟಾ ಉದೇಪುರ ಜಿಲ್ಲೆಯ ಅಂಬಾಡುಂಗರ್‌ನಲ್ಲಿ ಗಟ್ಟಿ ಬಂಡೆಯ ರೇರ್ ಅರ್ಥ್ ನಿಕ್ಷೇಪ ಇದೆ, ಅದನ್ನು ಅಭಿವೃದ್ಧಿ ಮಾಡುವ ಯೋಜನೆ ಅದರ ಕೈಯಲ್ಲಿದೆ. ಆದರೆ ಇವತ್ತಿನ ಅದರ ಆದಾಯ ಹೆಚ್ಚಾಗಿ ಲಿಗ್ನೈಟ್ ಕಲ್ಲಿದ್ದಲಿನದ್ದು. ಷೇರು ಕೊಂಡವರು ಈಗ ಕೊಂಡಿರುವುದು ಲಿಗ್ನೈಟ್ ವ್ಯಾಪಾರವನ್ನು, ಜೊತೆಗೆ ರೇರ್ ಅರ್ಥ್‌ನ ಆಸೆಯನ್ನು. ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟಿ ನೋಡುವ ತಾಳ್ಮೆ ಇದ್ದವರು ಮಾತ್ರ ಮುಂದುವರಿಯಲಿ. ಸುಮ್ನೆ ಸುದ್ದಿ ಬಂದ ದಿನ ಹತ್ತಿ, ಇಳಿದ ದಿನ ಕೊರಗುವುದರಲ್ಲಿ ಅರ್ಥವಿಲ್ಲ.

ದಿನಾಂಕಗಳನ್ನು ನೋಡಿಕೊಳ್ಳುವುದು ಹೆಚ್ಚು ಉಪಯೋಗ. ಚೀನಾ 2025ರ ಅಕ್ಟೋಬರ್ 9ರಂದು ಇನ್ನೂ ಐದು ಧಾತುಗಳನ್ನು ಸೇರಿಸಿ ನಿಯಮ ಬಿಗಿ ಮಾಡಿತ್ತು. ತಿಂಗಳ ಕೊನೆಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಅದನ್ನು 2026ರ ನವೆಂಬರ್ 10ರವರೆಗೆ ತಡೆಹಿಡಿಯಿತು. ಏಪ್ರಿಲ್‌ನ ಏಳು ಧಾತುಗಳ ನಿಯಮವನ್ನು ಅದು ಹಿಂಪಡೆದಿಲ್ಲ. ನಮ್ಮ 7,280 ಕೋಟಿಯ ಯೋಜನೆಯ ಅವಧಿ ಏಳು ವರ್ಷ. ಮೊದಲ ಎರಡು ವರ್ಷ ಕಾರ್ಖಾನೆ ಕಟ್ಟಲು. ಪ್ರೋತ್ಸಾಹಧನ ಸಿಗುವುದು ಮ್ಯಾಗ್ನೆಟ್ ಮಾರಾಟವಾದ ಮೇಲೆ. ಗೆದ್ದ ಕಂಪನಿಗಳ ಲೆಕ್ಕಪತ್ರದಲ್ಲಿ ಅಲ್ಲಿಯವರೆಗೆ ಕಾಣುವುದು ಖರ್ಚು ಮಾತ್ರ. ಆ ಅವಧಿಯಲ್ಲಿ ಅವು ಆಕ್ಸೈಡ್‌ಗಾಗಿ ಯಾರ ಜೊತೆ, ಎಷ್ಟು ವರ್ಷಕ್ಕೆ, ಯಾವ ಬೆಲೆಗೆ ಕರಾರು ಮಾಡಿಕೊಳ್ಳುತ್ತವೆ ಎಂಬುದೇ ಷೇರಿನ ಏರಿಳಿತಕ್ಕಿಂತ ಮೊದಲು ನೋಡಬೇಕಾದ ವಿವರ.